ಹಳೆಯ ಜೀಪಿನ ಜಾತಕ

ಕೊಡಗಿನ ತೆಂಕಣ ಅಂಚಿನಲ್ಲಿ ಕುಟ್ಟ ಎಂಬ ಊರುಂಟು. ಅಲ್ಲಿಂದ ಒಂದು ದಾರಿ ಶ್ರೀಮಂಗಲ, ಪೊನ್ನಂಪೇಟೆಗಳ ಮೇಲೆ ಗೋಣಿಕೊಪ್ಪಕ್ಕೆ ಹೋಗುವುದು. ಇನ್ನೊಂದು ನಾಗರಹೊಳೆಯ ಕಾಡನ್ನು ಹೊಗುವುದು. ಮೂರನೆಯದು ಗಡಿ ದಾಟಿ ತೋಲ್ಪೆಟ್ಟಿಯ ಮೂಲಕ ವಯನಾಡಿನ ಮಾನಂದವಾಡಿಯನ್ನು ಸೇರುವುದು. ಸುತ್ತಮುತ್ತ ಕಾಫಿ ಮತ್ತು ಕರಿಮೆಣಸಿನ ತೋಟಗಳು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ತೋಟದೊಳಗಿನ ದಾರಿಗಳಲ್ಲಿ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಸಲ್ಲುವ ಜೀಪು, ಜಿಪ್ಸಿಗಳನ್ನು ಬಿಟ್ಟರೆ ಟ್ರ್ಯಾಕ್ಟರೇ ಗತಿ.

ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮಾರುತಿಯ ಜಿಪ್ಸಿ 1985ರಲ್ಲಿ ಬಂದಿತು. ಈ ಗಾಡಿಗಳು ಈಗ ಬರಿಯ ದುಡಿಮೆಯ ಸಾಧನಗಳಾಗಿ ಉಳಿದಿಲ್ಲ. ಕೊಡಗಿನ ಕಾಫಿ ತೋಟಗಳ ಹಾದಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳೂ ನಡೆದಿವೆ. ನಗರದ ತರುಣರು ಸ್ಪೋರ್ಟ್ಸ್ ಕಾರನ್ನು ಬಯಸುವ ಉತ್ಸಾಹದಿಂದಲೇ ಹಳೆಯ ಜೀಪನ್ನೂ ಜಿಪ್ಸಿಯನ್ನೂ ಅರಸಿಕೊಂಡು ಬರುತ್ತಾರೆ. ಆಗ ಅವರ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಒಂದೇ: "ತೋಟದ ಗಾಡಿ ಸಾರ್, ಹೊರಗೆ ಹೋದದ್ದೇ ಕಡಿಮೆ. ಅರವತ್ತೈದು ಸಾವಿರವೂ ಆಗಿಲ್ಲ. ಸರ್ವೀಸ್ ಪುಸ್ತಕ ಇದೆ, ಬೇಕಾದರೆ ನೋಡಿ."

ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಅನೇಕ ವೇಳೆ ಅದು ಅಕ್ಷರಶಃ ನಿಜ. ತೊಡಕಿರುವುದು ಅಲ್ಲಿಯೇ. ನಿಜವಾದ ಅಂಕೆಯೊಂದು ನಮ್ಮನ್ನು ದಾರಿ ತಪ್ಪಿಸುವುದು ಹೇಗೆ ಎಂಬುದನ್ನು ಮೊದಲು ನೋಡೋಣ.

ದೂರವನ್ನು ಎಣಿಸುವ ಮಾಪಕಕ್ಕೆ ಹಳೆಯ ಜೀಪುಗಳಲ್ಲಿ ಒಂದು ಕೇಬಲ್ಲಿನಿಂದ ಚಲನೆ ದೊರೆಯುತ್ತದೆ. ಆ ಕೇಬಲ್ಲು ತಿರುಗುವುದು ಗಾಲಿಗಳ ಕಡೆಗೆ ಬಲವನ್ನು ಒಯ್ಯುವ ದಂಡದ ಲೆಕ್ಕಕ್ಕೆ. ಆದುದರಿಂದ ಮಾಪಕವು ಬಲ್ಲದ್ದು ಗಾಲಿ ಎಷ್ಟು ಉರುಳಿತೆಂಬುದನ್ನು ಮಾತ್ರ. ಅಷ್ಟು ಉರುಳಿಸಲು ಎಂಜಿನ್ನು ಎಷ್ಟು ಸುತ್ತು ತಿರುಗಿತೆಂಬುದು ಅದಕ್ಕೆ ತಿಳಿಯದು. ಒಂದು ಲೆಕ್ಕ ಮಾಡೋಣ. ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನಂತೆ ಹೋಗುವ ಗಾಡಿಯ ಎಂಜಿನ್ನು ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಒಂದು ನಿಮಿಷಕ್ಕೆ ಒಂದು ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ 2,500 ಸುತ್ತು. ಅದೇ ಗಾಡಿ ಕೆಸರಿನ ಏರಿನಲ್ಲಿ, ಕೆಳಗಿನ ಗೇರಿನಲ್ಲಿ, ಕಾಫಿ ಮೂಟೆಗಳನ್ನು ಹೊತ್ತು ಗಂಟೆಗೆ 8 ಕಿಲೋಮೀಟರಿನಂತೆ ತೆವಳುತ್ತದೆ. ಎಂಜಿನ್ನಿನ ವೇಗ ಮೊದಲಿನಷ್ಟೇ. ಈಗ ಒಂದು ಕಿಲೋಮೀಟರಿಗೆ ಏಳೂವರೆ ನಿಮಿಷ, 18,750 ಸುತ್ತು. ಮಾಪಕವು ಒಂದೆಂದು ಬರೆದುಕೊಂಡದ್ದನ್ನು ಎಂಜಿನ್ನು ಏಳೂವರೆಯಾಗಿ ಅನುಭವಿಸಿರುತ್ತದೆ. ನಿಂತಲ್ಲೇ ಎಂಜಿನ್ನು ಓಡುತ್ತಿದ್ದ ಗಂಟೆಗಳಂತೂ ಮಾಪಕದ ಪಾಲಿಗೆ ಸೊನ್ನೆ. ಟ್ರ್ಯಾಕ್ಟರುಗಳನ್ನು ಮಾಡುವವರು ಈ ಸೂಕ್ಷ್ಮವನ್ನು ಹಿಂದೆಯೇ ಅರಿತು, ಕಿಲೋಮೀಟರಿಗೆ ಬದಲು ದುಡಿದ ಗಂಟೆಗಳನ್ನು ಎಣಿಸುವ ಮಾಪಕವನ್ನು ಇಟ್ಟರು. ತೋಟದ ಜೀಪು ಮಾಡುವುದು ಟ್ರ್ಯಾಕ್ಟರಿನ ಕೆಲಸ. ಅದರ ಲೆಕ್ಕ ಮಾತ್ರ ಕಾರಿನದು.

ನಗರದ ಸ್ಪೋರ್ಟ್ಸ್ ಕಾರಿನಲ್ಲಿ ಇದೇ ಭ್ರಾಂತಿ ತಲೆಕೆಳಗಾಗಿ ಬರುತ್ತದೆ. ಹತ್ತು ವರ್ಷದಲ್ಲಿ ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಕಾರನ್ನು ಕಂಡು ಕೊಳ್ಳುವವನು ಹಿಗ್ಗುತ್ತಾನೆ. ಆದರೆ ರಬ್ಬರು ನಿಂತಲ್ಲಿಯೂ ಮುಪ್ಪಾಗುತ್ತದೆ. ಎಂಜಿನ್ನಿನ ಕವಾಟಗಳನ್ನು ಕಾಲಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟು ಕಿಲೋಮೀಟರಿಗೆ ಸವೆಯುವಂತೆ ವರ್ಷಗಳಿಗೂ ಸವೆಯುತ್ತದೆ. ಹಲವು ಎಂಜಿನ್ನುಗಳಲ್ಲಿ ಅದು ಹರಿದರೆ ಕವಾಟಕ್ಕೆ ಪಿಸ್ಟನ್ನು ಬಡಿದು ಒಳಗಿನದೆಲ್ಲ ಹಾಳಾಗುವುದು. ಇನ್ನೊಂದು ವಿಚಿತ್ರವನ್ನು ಗಮನಿಸಿರಿ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಅದು ಆವಿಯಾಗಿ ಸೈಲೆನ್ಸರಿನಿಂದ ಹೊರಬೀಳುವುದು. ವಾರಕ್ಕೊಮ್ಮೆ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಎಂಜಿನ್ನು ಕಾಯುವುದೇ ಇಲ್ಲ. ನೀರಿನಲ್ಲಿ ಒಂದು ಪಾಲು ಎಣ್ಣೆಗೆ ಇಳಿದು ಅದನ್ನು ಕೆಡಿಸುತ್ತದೆ. ಸರ್ವೀಸ್ ಪುಸ್ತಕಗಳಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಎಂದು ಅಚ್ಚು ಮಾಡಿರುವುದು ಈ ಕಾರಣಕ್ಕಾಗಿ. ಕೊಳ್ಳುವವರು ವಾಕ್ಯದ ಮೊದಲ ಅರ್ಧವನ್ನು ಮಾತ್ರ ಓದುತ್ತಾರೆ.

ಹಾಗಾದರೆ ಸರ್ವೀಸ್ ಪುಸ್ತಕವನ್ನು ಓದುವುದು ಹೇಗೆ? ಮುದ್ರೆಗಳನ್ನು ಎಣಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮುದ್ರೆ ಹೇಳುವುದು ಗಾಡಿಯನ್ನು ಯಾರೋ ನೋಡಿದರೆಂದು ಮಾತ್ರ. ರಸೀದಿಗಳನ್ನು ಕೇಳಬೇಕು, ಅವುಗಳಲ್ಲಿ ದಿನಾಂಕ, ಮಾಪಕದ ಅಂಕೆ, ಹಾಕಿದ ಭಾಗಗಳ ಹೆಸರು, ಈ ಮೂರೂ ಇರುತ್ತವೆ. ಅವನ್ನು ಕಾಲಕ್ರಮದಲ್ಲಿ ಮೇಜಿನ ಮೇಲೆ ಹರಡಿಕೊಳ್ಳಬೇಕು.

ಕುಟ್ಟದ ಕಡೆಯ ಒಂದು ಡೀಸೆಲ್ ಜೀಪಿನ ಕಡತವನ್ನು ಕಲ್ಪಿಸಿಕೊಳ್ಳೋಣ. 2012ರಲ್ಲಿ 10,200 ಕಿಲೋಮೀಟರ್, 2014ರಲ್ಲಿ 31,000, 2016ರಲ್ಲಿ 52,400, 2019ರಲ್ಲಿ 58,000, 2021ರಲ್ಲಿ 61,000, 2023ರಲ್ಲಿ 63,500. ಮೊದಲ ನಾಲ್ಕು ವರ್ಷ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಗಿಲಾಗಿ ಓಡಿದ ಗಾಡಿ ಆಮೇಲೆ ವರ್ಷಕ್ಕೆ ಎರಡು ಸಾವಿರಕ್ಕೆ ಇಳಿದಿದೆ. ಇದಕ್ಕೆ ಮೂರು ಕಾರಣಗಳು ಸಾಧ್ಯ. ಯಜಮಾನರು ಬೇರೆ ಕಾರು ಕೊಂಡು ಇದನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿರಬಹುದು. ಗಾಡಿ ತೋಟದ ಕೆಲಸಕ್ಕೆ ಹೋಗಿರಬಹುದು. ಇಲ್ಲವೆ ಮಾಪಕದ ಕೇಬಲ್ಲು ತುಂಡಾಗಿ, ಗಾಡಿ ಓಡುತ್ತಿದ್ದರೂ ಅಂಕೆ ನಿಂತಿರಬಹುದು. ಮೂರರಲ್ಲಿ ಯಾವುದು?

ಉತ್ತರವಿರುವುದು ಭಾಗಗಳ ಪಟ್ಟಿಯಲ್ಲಿ. 2018ರ ರಸೀದಿಯಲ್ಲಿ ಹೊಸ ಕ್ಲಚ್ ಪ್ಲೇಟು, 2020ರಲ್ಲಿ ಮತ್ತೊಂದು ಕ್ಲಚ್ ಪ್ಲೇಟು ಕಂಡರೆ ಮೊದಲ ಕಾರಣ ಬಿದ್ದುಹೋಯಿತು. ನಿಂತ ಗಾಡಿಗೆ ಕ್ಲಚ್ ಸವೆಯುವುದಿಲ್ಲ. ಆಗ ಉಳಿದವು ಎರಡು. ಈ ಎರಡನ್ನು ಬೇರ್ಪಡಿಸಲು ಟೈರುಗಳ ಖರೀದಿಯನ್ನು ನೋಡಬೇಕು. ನಿಧಾನವಾಗಿ ಕೆಸರಿನಲ್ಲಿ ದುಡಿದ ಗಾಡಿ ಕ್ಲಚ್ಚು, ಬ್ರೇಕು, ಸ್ಪ್ರಿಂಗ್ ಪಟ್ಟಿಗಳನ್ನು ಹೆಚ್ಚಾಗಿ ತಿನ್ನುತ್ತದೆ. ಟೈರುಗಳ ಮೈ ಕಡಿದು ಹರಿಯಬಹುದಾದರೂ ಅವು ಒಂದೇ ಸಮನಾಗಿ ಸವೆಯುವುದು ನಿಧಾನ. ಡಾಂಬರು ರಸ್ತೆಯಲ್ಲಿ ದೂರ ದೂರ ಓಡಿದ ಗಾಡಿಯಾದರೆ ಟೈರುಗಳ ಖರ್ಚು ಮೇಲೆದ್ದು ಕಾಣುವುದು. ಟೈರಿನ ಮಗ್ಗುಲಲ್ಲಿಯೇ ಅದರ ಜನ್ಮದಿನವೂ ಅಚ್ಚಾಗಿರುತ್ತದೆ. ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. "ಕಂಪನಿಯಿಂದ ಬಂದ ಟೈರೇ" ಎಂಬ ಮಾತನ್ನು ಈ ನಾಲ್ಕು ಅಂಕೆಗಳು ಕ್ಷಣದಲ್ಲಿ ಇತ್ಯರ್ಥ ಮಾಡುತ್ತವೆ.

ಟೈರಿನ ವಿಷಯ ಬಂದುದರಿಂದ ಇನ್ನೊಂದು ಮಾತು. ಕ್ರೀಡೆಯ ಹುಚ್ಚಿರುವವರು ಮೂಲ ಟೈರುಗಳನ್ನು ತೆಗೆದು ದೊಡ್ಡವನ್ನು ಹಾಕಿಸುವುದುಂಟು. ಗಾಲಿಯ ಸುತ್ತಳತೆ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಒಂದು ಸುತ್ತಿಗೆ ಗಾಡಿ ನೂರಕ್ಕೆ ಹತ್ತರಷ್ಟು ಹೆಚ್ಚು ದೂರ ಹೋಗುವುದು. ಮಾಪಕಕ್ಕೆ ಮಾತ್ರ ಹಳೆಯ ಲೆಕ್ಕವೇ. ಅದು 60,000 ತೋರಿದರೆ ನಿಜವಾದ ದೂರ 66,000. ಯಾರೂ ಮೋಸ ಮಾಡಲಿಲ್ಲ. ಆದರೂ ಆರು ಸಾವಿರ ಕಿಲೋಮೀಟರ್ ಮಾಯವಾಯಿತು. ಹಳೆಯ ಜೀಪುಗಳ ಅನೇಕ ಮಾಪಕಗಳಲ್ಲಿ ಐದೇ ಅಂಕೆಗಳಿದ್ದು, ಲಕ್ಷ ತುಂಬಿದಾಗ ಮತ್ತೆ ಸೊನ್ನೆಯಿಂದ ಆರಂಭವಾಗುವುದೂ ಉಂಟು. ಇನ್ನು ಬೇಕೆಂದೇ ಅಂಕೆಯನ್ನು ತಿರುಗಿಸುವವರಿದ್ದಾರೆ. ಹೊಸ ಗಾಡಿಗಳ ವಿದ್ಯುನ್ಮಾಪಕದಲ್ಲಿ ಈ ಕೆಲಸ ಕಷ್ಟವೆಂದು ಜನ ನಂಬಿದ್ದಾರೆ. ಹಾಗೇನೂ ಇಲ್ಲ, ಹಿಂದೆ ಸ್ಕ್ರೂಡ್ರೈವರ್ ಮಾಡುತ್ತಿದ್ದುದನ್ನು ಈಗ ಲ್ಯಾಪ್‌ಟಾಪು ಮಾಡುತ್ತದೆ. ಅಂಕೆಯನ್ನು ನಂಬದಿದ್ದರೆ ಪೆಡಲಿನ ರಬ್ಬರನ್ನು ನೋಡಬೇಕು. ಮೂವತ್ತು ಸಾವಿರ ಓಡಿದ ಗಾಡಿಯ ಕ್ಲಚ್ ಪೆಡಲು ಅಂಗೈಯಂತೆ ನುಣುಪಾಗಿರುವುದಿಲ್ಲ.

ರಸೀದಿಗಳೇ ಇಲ್ಲದ ಗಾಡಿಗಳ ಗತಿಯೇನು? ಕುಟ್ಟದಂಥ ಊರುಗಳಲ್ಲಿ ಬಹುಪಾಲು ಜೀಪುಗಳು ಕಂಪನಿಯ ಕಾರ್ಯಾಗಾರಕ್ಕೆ ಹೋಗುವುದಿಲ್ಲ; ಪರಿಚಯದ ಮೆಕ್ಯಾನಿಕ್ಕನ ಕೈಯಲ್ಲೇ ಬಾಳುತ್ತವೆ. ಅವನ ಕೆಲಸ ಅಚ್ಚುಕಟ್ಟು, ಬರವಣಿಗೆ ಇಲ್ಲ. ಇದು ಗಾಡಿಯ ದೋಷವಲ್ಲ. ಇಲ್ಲಿ ನಮ್ಮ ನೆರವಿಗೆ ಬರುವುದು ತೋಟದ ರೈಟರ್ ಬರೆದಿಡುವ ಲೆಕ್ಕದ ಪುಸ್ತಕ. ಆಳುಗಳ ಕೂಲಿ, ಗೊಬ್ಬರ, ಸುಣ್ಣಗಳ ಜೊತೆಗೆ ಡೀಸೆಲ್ಲಿನ ಖರ್ಚನ್ನೂ ಅದರಲ್ಲಿ ಬರೆಯುವುದುಂಟು. ಮಾರಾಟಕ್ಕೆಂದು ಬರೆದ ಪುಸ್ತಕ ಅದಲ್ಲವಾದ್ದರಿಂದ ಅದರ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯಿದೆ. ವರ್ಷಕ್ಕೆ 900 ಲೀಟರ್ ಡೀಸೆಲ್ ಬಂದಿದ್ದು, ಮಾಪಕ 2,500 ಕಿಲೋಮೀಟರ್ ಮಾತ್ರ ಮುಂದೆ ಹೋಗಿದ್ದರೆ ಲೀಟರಿಗೆ ಮೂರು ಕಿಲೋಮೀಟರೂ ಬಂದಂತಾಗಲಿಲ್ಲ. ಗಾಡಿ ಕೆಳಗಿನ ಗೇರಿನಲ್ಲಿ ಬಹಳ ದುಡಿದಿದೆ, ಅಥವಾ ಮಾಪಕ ನಿಂತಿದೆ.

ಆದರೆ ಅವಸರ ಕೂಡದು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ಗಿಡಗಳು ಹೂ ಬಿಡಲೆಂದು ತೋಟಗಳಿಗೆ ತುಂತುರು ನೀರು ಹಾಯಿಸುತ್ತಾರೆ; ಆ ಪಂಪುಗಳೂ ಡೀಸೆಲ್ ಕುಡಿಯುತ್ತವೆ. ಆದುದರಿಂದ ಪಂಪು ಮೂಲೆಯಲ್ಲಿರುವ ಜುಲೈ, ಆಗಸ್ಟ್ ತಿಂಗಳುಗಳ ಲೆಕ್ಕವನ್ನು ಬೇರೆಯಾಗಿ ನೋಡಬೇಕು. ವಿದ್ಯುತ್ತು ಹೋದಾಗ ಜನರೇಟರಿಗೆ ಸುರಿದ ಡೀಸೆಲ್ಲನ್ನೂ ಕಳೆಯಬೇಕು. ಉಳಿದದ್ದು ಜೀಪಿನದು.

ಇಷ್ಟೆಲ್ಲ ಕಾಗದದ ಸಾಕ್ಷ್ಯವಾಯಿತು. ಅದು ಯಂತ್ರದ ಸಾಕ್ಷ್ಯಕ್ಕೆ ಹೊಂದಬೇಕು. ಹೊಳೆ, ತೋಡುಗಳಲ್ಲಿ ಇಳಿದ ಗಾಡಿಯ ಗೇರ್‌ಬಾಕ್ಸಿಗೂ ಆಕ್ಸಲ್ಲಿನ ಹೌಸಿಂಗಿಗೂ ನೀರು ಸೇರುವುದುಂಟು. ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಹೀರುವುದೇ ಇದಕ್ಕೆ ಕಾರಣ. ಕೆಳಗಿನ ಬಿರಡೆಯನ್ನು ಬಿಚ್ಚಿ ನಾಲ್ಕು ಹನಿ ಎಣ್ಣೆ ನೋಡಿದರೆ ಸಾಕು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. "ಆರು ತಿಂಗಳ ಹಿಂದೆ ಗೇರ್ ಆಯಿಲ್ ಬದಲಾಯಿಸಿದೆ" ಎಂಬ ರಸೀದಿಯೂ ಈ ಬಣ್ಣವೂ ಒಟ್ಟಿಗೆ ಕಂಡರೆ, ಆಯಿಲ್ ಬದಲಾಗಿರಲಾರದು, ಇಲ್ಲವೆ ಸೀಲು ಸೋರುತ್ತಿದೆ. ಚಾಸಿಸ್ಸಿನ ಒಳಮೈಯನ್ನು ಟಾರ್ಚು ಬಿಟ್ಟು ನೋಡಬೇಕು. ಅಲ್ಲಿ ಕಟ್ಟಿಕೊಂಡ ಕೆಮ್ಮಣ್ಣು ಮಳೆಗಾಲವಿಡೀ ಒದ್ದೆಯಾಗಿದ್ದು ಕಬ್ಬಿಣವನ್ನು ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಎಷ್ಟೇ ಹೊಳೆಯಲಿ.

ಎಲ್ಲಕ್ಕಿಂತ ಹೆಚ್ಚಾಗಿ ಕಡತದಲ್ಲಿ ಹುಡುಕಬೇಕಾದದ್ದು ಬ್ರೇಕ್ ಆಯಿಲ್ ಬದಲಾಯಿಸಿದ ದಿನಾಂಕ. ಇದನ್ನು ಕೇಳುವವರೇ ಕಡಿಮೆ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಕೊಡಗಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು. ಅದಕ್ಕೆ ನೂರಕ್ಕೆ ಸುಮಾರು 3.7 ಭಾಗ ನೀರು ಸೇರಿತೆಂದರೆ ಕುದಿಯುವ ಬಿಂದು 140ರ ಆಸುಪಾಸಿಗೆ ಇಳಿಯಬಹುದು. ಈಗ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿಯಲ್ಲಿ ಕೇರಳಕ್ಕೆ ಇಳಿಯುವ ಗಾಡಿಯನ್ನು ನೆನೆಯಿರಿ. ಒಂದೂವರೆ ಟನ್ ತೂಕದ ಗಾಡಿ 500 ಮೀಟರ್ ಇಳಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 22 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಕೆಳಗಿನ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನು ತಡೆದುಕೊಳ್ಳುವುದು. ನ್ಯೂಟ್ರಲಿನಲ್ಲಿ ಇಳಿಯುವ ಜಾಣನಾದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ಪಾಲು. ದ್ರವವು ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲು ಒಮ್ಮೆಗೇ ಮೆತ್ತಗಾಗಿ ನೆಲ ಮುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಸಮತಟ್ಟಿನ ಬೀದಿಯಲ್ಲಿ ಪರೀಕ್ಷಾರ್ಥ ಓಡಿಸಿದಾಗ ಈ ದೋಷದ ಸುಳಿವೂ ಸಿಕ್ಕುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸುವುದು ವಾಡಿಕೆ. ಕಡತದಲ್ಲಿ ಅದರ ಉಲ್ಲೇಖವಿಲ್ಲದಿದ್ದರೆ, ಗಾಡಿಯನ್ನು ಘಾಟಿ ಇಳಿಸಿ ಮನೆಗೆ ಒಯ್ಯುವ ಮುನ್ನ ಅಲ್ಲಿಯೇ ಬದಲಾಯಿಸಿಕೊಳ್ಳತಕ್ಕದ್ದು. ಅದಕ್ಕೆ ತಗಲುವ ಹಣ ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆ.

ಕಡೆಗೆ ಗಡಿಯ ಸಂಗತಿ. ಕುಟ್ಟದ ಬೀದಿಯಲ್ಲಿ ಕೊಡಗಿನ ಕೆಎ-12 ಗಾಡಿಯ ಪಕ್ಕದಲ್ಲೇ ವಯನಾಡಿನ ಕೆಎಲ್-12 ಗಾಡಿ ನಿಂತಿರುವುದು; ಅವಸರದಲ್ಲಿ ಓದಿದರೆ ಎರಡೂ ಒಂದೇ. ಕೊಳ್ಳುವವನ ಪಾಲಿಗೆ ಹಾಗಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳಬೇಕಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿನ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಅದನ್ನು ತೆಗೆಸಿದ ಮೇಲೆಯೇ ಹಣ ಕೊಡುವುದು ಲೇಸು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದರಿಂದ, ಹಳೆಯ ಜೀಪಿನ ಆರ್.ಸಿ.ಯಲ್ಲಿ ಮೊದಲು ನೋಡಬೇಕಾದ ಸಾಲು ಅದರ ನವೀಕರಣ ಎಲ್ಲಿಯವರೆಗೆ ಆಗಿದೆ ಎಂಬುದು.