ಒಂದೇ ಮೋಟಾರಿಗೆ ಎಷ್ಟು ಹೆಸರು?

ಪ್ರಶ್ನೆ: ಕೈನೆಸಿನ್ ಪ್ರೋಟೀನಿಗೆ ಒಂದೊಂದು ಜೀವಿಯಲ್ಲಿ ಒಂದೊಂದು ಹೆಸರೇಕೆ?

ಉತ್ತರ: ಕಂಡವರೆಲ್ಲ ತಮಗೆ ತೋಚಿದ ಹೆಸರಿಟ್ಟರು, ಅಷ್ಟೇ. ಜೀವಕೋಶದೊಳಗಿನ ಸೂಕ್ಷ್ಮನಾಳಿಕೆಗಳ ಮೇಲೆ, ಎಟಿಪಿ ಎಂಬ ಇಂಧನ ಖರ್ಚು ಮಾಡುತ್ತ ಸರಕು ಹೊತ್ತು ನಡೆಯುವ ಈ ಮೋಟಾರು 1985ರಲ್ಲಿ ಸ್ಕ್ವಿಡ್‌ನ ನರತಂತುವಿನಲ್ಲಿ ಪತ್ತೆಯಾಯಿತು. ಆಮೇಲೆ ಅದರ ಬಂಧುಗಳು ಸಾಲುಸಾಲಾಗಿ ಸಿಕ್ಕವು. ಕೋಶ ವಿಭಜನೆಯ ಹೊತ್ತಿನಲ್ಲಿ ಕದಿರಿನಾಕಾರದ ತಂತುಜಾಲದ ಎರಡು ಧ್ರುವಗಳನ್ನು ದೂರ ತಳ್ಳುವ ಮೋಟಾರನ್ನೇ ನೋಡಿ: ಕಪ್ಪೆಯಲ್ಲಿ ಇಜಿ5, ಆಸ್ಪರ್ಜಿಲಸ್ ಬೂಷ್ಟಿನಲ್ಲಿ ಬಿಮ್‌ಸಿ, ಒಂದು ಬಗೆಯ ಯೀಸ್ಟಿನಲ್ಲಿ ಕಟ್7, ಹಣ್ಣುನೊಣದಲ್ಲಿ ಕೆಎಲ್‌ಪಿ61ಎಫ್, ಮನುಷ್ಯನಲ್ಲಿ ಕಿಫ್11. ಊರಿಗೊಂದು ಹೆಸರು ಹೇಳಿಕೊಂಡು ತಿರುಗುವ ಆಸಾಮಿಯ ಹಾಗೆ!

2004ರಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದು ಕೈನೆಸಿನ್-1ರಿಂದ ಕೈನೆಸಿನ್-14ರವರೆಗೆ 14 ಕುಟುಂಬಗಳನ್ನು ಗುರುತಿಸಿದರು, ಮೇಲೆ ಹೇಳಿದ ಹಲವು ಹೆಸರಿನ ಮೋಟಾರು ಕೈನೆಸಿನ್-5. ಆಧಾರ, ಮೋಟಾರು ಭಾಗದ ಅಮೈನೋ ಆಮ್ಲ ಸರಣಿಯ ಹೋಲಿಕೆಯಿಂದ ಬಿಡಿಸಿದ ವಂಶವೃಕ್ಷ. ಮಾಡುವ ಕೆಲಸ ನೋಡಿ ವಿಂಗಡಿಸದಿದ್ದುದು ಒಳ್ಳೆಯದೇ ಆಯಿತೆನ್ನಬೇಕು, ಒಂದೇ ಕುಟುಂಬದ ಸದಸ್ಯರು ಬೇರೆ ಬೇರೆ ಕೆಲಸಕ್ಕೆ ಹೋಗುವುದುಂಟು. ಯಾವ ಕುಟುಂಬಕ್ಕೂ ಹೊಂದದ ಕೆಲವು ಮಾತ್ರ ಹೊರಗೇ ಉಳಿದವು. ಹಳೆಯ ಹೆಸರುಗಳೂ ಅಷ್ಟು ಸುಲಭವಾಗಿ ಸಾಯಲಿಲ್ಲ: ಕೈನೆಸಿನ್-5 ಮೋಟಾರನ್ನು ತಡೆದು ಕ್ಯಾನ್ಸರ್ ಕೋಶಗಳನ್ನು ನಿಲ್ಲಿಸಲು ಔಷಧ ಹುಡುಕುವ ಹಲವರು ಇಂದಿಗೂ ಅದನ್ನು ಇಜಿ5 ಎಂದೇ ಕರೆಯುತ್ತಾರೆ.