ಕಾಯೆನ್ ದ್ವೀಪದ ಲೋಲಕ

ಲೋಲಕದ ಮಾತು ಬಂದಾಗಲೆಲ್ಲ ಪೀಸಾ ನಗರದ ಇಗರ್ಜಿಯಲ್ಲಿ ತೂಗಾಡುತ್ತಿದ್ದ ದೀಪವನ್ನೂ ಅದನ್ನು ದಿಟ್ಟಿಸುತ್ತ ನಿಂತ ತರುಣ ಗೆಲಿಲಿಯೊನನ್ನೂ ನೆನೆಯುವುದು ವಾಡಿಕೆ. ಅದು ಶಿಷ್ಯ ವಿವಿಯಾನಿ ಬರೆದಿಟ್ಟ ಕಥೆ. ವಿಜ್ಞಾನದ ಚರಿತ್ರೆಯಲ್ಲಿ ಅದಕ್ಕಿಂತ ಮಹತ್ವದ್ದು, 1672-73ರಲ್ಲಿ ಫ್ರೆಂಚ್ ಖಗೋಳಜ್ಞ ಝಾನ್ ರಿಶೆ ದಕ್ಷಿಣ ಅಮೆರಿಕದ ಕಾಯೆನ್ ದ್ವೀಪದಲ್ಲಿ ನಡೆಸಿದ ಪರೀಕ್ಷೆಯೆಂದು ನನ್ನ ಭಾವನೆ. (ನಮ್ಮ 'ಲೋಲಕ' ಕಿವಿಯ ಲೋಲಾಕಿನ ನೆಂಟ, ಮರಾಠಿಯಲ್ಲಾದರೋ ಅದೇ ಶಬ್ದ ಬೆಳಕನ್ನೊಡೆಯುವ ಗಾಜಿನ ಪಟ್ಟಕಕ್ಕೆ ಸಲ್ಲುತ್ತದೆ, ಲೋಲಕವನ್ನು 'ಲಂಬಕ'ವೆನ್ನುತ್ತಾರೆ. ಮುಂಬಯಿ, ಪುಣೆಗಳ ಓದುಗರಿಗೆ ಇಷ್ಟು ಸ್ಪಷ್ಟೀಕರಣ ಅವಶ್ಯ.)

ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಲೋಲಕ ಗಡಿಯಾರವನ್ನು ರೂಪಿಸಿದ್ದ. ಒಂದು ಓಲಾಟಕ್ಕೆ ಸರಿಯಾಗಿ ಒಂದು ಸೆಕೆಂಡು ಹಿಡಿಯುವ ಲೋಲಕದ ಉದ್ದವನ್ನೇ ಸಾರ್ವತ್ರಿಕ ಅಳತೆಗೋಲಾಗಿಸಬಹುದೆಂದು ಪ್ಯಾರಿಸ್ಸಿನ ಪಿಕಾರ್ 1671ರಲ್ಲಿ ಸೂಚಿಸಿದ. ಆ ಉದ್ದ ಎಲ್ಲೆಡೆಯೂ ಒಂದೇ ಆಗಿದ್ದರೆ ಮಾತ್ರ ಇದು ಸಾಧ್ಯ. ಮಂಗಳಗ್ರಹದ ವೀಕ್ಷಣೆಗೆಂದು ಸಮಭಾಜಕ ವೃತ್ತದಿಂದ ಐದೇ ಅಂಶ ಉತ್ತರಕ್ಕಿರುವ ಕಾಯೆನ್ನಿಗೆ ಹೋದ ರಿಶೆಗೆ ಕಂಡದ್ದು ಬೇರೆ. ಪ್ಯಾರಿಸ್ಸಿನಲ್ಲಿ ಸರಿಯಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಮೀರಿ ಹಿಂದೆ ಬೀಳುತ್ತಿತ್ತು. ಸೆಕೆಂಡಿನ ಲೋಲಕವನ್ನು ಒಂದೂಕಾಲು 'ಲೈನ್', ಎಂದರೆ ಸುಮಾರು 2.8 ಮಿಲಿಮೀಟರಿನಷ್ಟು, ಗಿಡ್ಡಗೊಳಿಸಬೇಕಾಯಿತು. ಹತ್ತು ತಿಂಗಳ ಕಾಲ, ಒಂದು ವಾರವೂ ತಪ್ಪದಂತೆ, ಅವನು ಈ ಅಳತೆಯನ್ನು ಮತ್ತೆ ಮತ್ತೆ ಮಾಡಿದ.

1679ರಲ್ಲಿ ಅಚ್ಚಾದ ಅವನ ವರದಿಯನ್ನು ಹಲವರು ಸಂಶಯದಿಂದಲೇ ಕಂಡರು. ಡೆನ್ಮಾರ್ಕಿನಲ್ಲಿ ಪಿಕಾರನಿಗೆ ಯಾವ ವ್ಯತ್ಯಾಸವೂ ಕಂಡಿರಲಿಲ್ಲವಷ್ಟೆ. ಉಷ್ಣವಲಯದ ಸೆಕೆಗೆ ಲೋಹ ಹಿಗ್ಗಿರಬೇಕೆಂಬ ಆಕ್ಷೇಪವೂ ಬಂದಿತು. ಆದರೆ ಅಷ್ಟುದ್ದದ ಕಬ್ಬಿಣದ ಸಲಾಕೆ 2.8 ಮಿಲಿಮೀಟರ್ ಹಿಗ್ಗಬೇಕಾದರೆ ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಏರಬೇಕು! ಕಾರಣ ಲೋಹದಲ್ಲಿರಲಿಲ್ಲ, ಭೂಮಿಯಲ್ಲಿತ್ತು. ನ್ಯೂಟನ್ 1687ರ 'ಪ್ರಿನ್ಸಿಪಿಯ'ದಲ್ಲಿ ಅದನ್ನು ವಿವರಿಸಿದ: ತಿರುಗುವ ಭೂಮಿ ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ, ಸಮಭಾಜಕದ ಬಳಿ ತಿರುಗುವಿಕೆಯ ವೇಗವೂ ಕೇಂದ್ರದಿಂದ ದೂರವೂ ಹೆಚ್ಚಾದುದರಿಂದ ತೂಕ ಕಡಿಮೆ, ಆದ್ದರಿಂದ ಲೋಲಕದ ಗತಿ ಮಂದ.

ಫ್ರಾನ್ಸಿನ ಕಸೀನಿ ಮನೆತನದವರು ಇದನ್ನು ಒಪ್ಪಲಿಲ್ಲ. ಭೂಮಿ ಧ್ರುವಗಳತ್ತ ನೀಳವಾಗಿದೆಯೆಂಬುದು ಅವರ ವಾದ. ವಿವಾದ ಅರ್ಧ ಶತಮಾನ ಎಳೆಯಿತು. ಕಡೆಗೆ 1736-37ರಲ್ಲಿ ಮೋಪರ್‌ತ್ವಿಯ ತಂಡ ಉತ್ತರದ ಲಾಪ್‌ಲ್ಯಾಂಡಿಗೆ ಹೋಗಿ ನೆಲವನ್ನಳೆದು ನ್ಯೂಟನ್ನನ ಪಕ್ಷವನ್ನೇ ಎತ್ತಿಹಿಡಿಯಿತು. ಅಲ್ಲಿಗೂ ಅವರು ಲೋಲಕವನ್ನೊಯ್ದಿದ್ದರು. ಪೆಲ್ಲೊ ಎಂಬ ಊರಿನಲ್ಲಿ ಅದು ಪ್ಯಾರಿಸ್ಸಿನ ಗತಿಗಿಂತ ದಿನಕ್ಕೆ ಸುಮಾರು ಒಂದು ನಿಮಿಷ ಮುಂದೆ ಓಡಿತು.