ಮಕ್ಕಳ ತಲೆಬುರುಡೆ ತಳದ ದೋಷಗಳು ಮತ್ತು ಅಂತರ್ದರ್ಶಕ ಶಸ್ತ್ರಚಿಕಿತ್ಸೆ

ತಲೆಬುರುಡೆಯ ತಳವು ಮಿದುಳನ್ನು ಹೊತ್ತಿರುವ ಎಲುಬಿನ ನೆಲ. ಅದರ ಮುಂಭಾಗವು ಮೂಗಿನ ಕುಹರಕ್ಕೆ ಚಾವಣಿಯೂ ಹೌದು. ಮೇಲಿನ ಪ್ರದೇಶ ರೋಗಾಣುರಹಿತವಾದುದು. ಕೆಳಗಿನದಾದರೋ ಸದಾ ಬ್ಯಾಕ್ಟೀರಿಯಾಗಳ ನೆಲೆ. ಇವೆರಡನ್ನು ಬೇರ್ಪಡಿಸುವುದು ತೆಳುವಾದ ಎಲುಬು ಮತ್ತು ಅದರ ಮೇಲೆ ಹಾಸಿರುವ ಡ್ಯೂರಾ ಎಂಬ ಗಟ್ಟಿಪೊರೆ. ಇಲ್ಲಿ ಕಿಂಡಿಯೊಂದು ಉಳಿದರೆ ಮಿದುಳು-ಬೆನ್ನುಹುರಿ ದ್ರವವು ಮೂಗಿಗೆ ಸೋರುತ್ತದೆ; ಅದೇ ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಮೇಲೇರಿ ಮಿದುಳುಪೊರೆಯ ಉರಿಯೂತವನ್ನು, ಅಂದರೆ ಮೆನಿಂಜೈಟಿಸನ್ನು ಉಂಟುಮಾಡುತ್ತವೆ. ಔಷಧದಿಂದ ಉರಿಯೂತ ಶಮನವಾದರೂ ಕಿಂಡಿ ಮುಚ್ಚುವುದಿಲ್ಲ. ಆದುದರಿಂದ ಇದು ಮೂಲತಃ ಶಸ್ತ್ರಚಿಕಿತ್ಸೆಯ ಸಮಸ್ಯೆ.

ಮಕ್ಕಳಲ್ಲಿ ಈ ದೋಷಗಳು ಹುಟ್ಟಿನಿಂದ, ತಲೆಯ ಪೆಟ್ಟಿನಿಂದ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯಿಂದ ಬರಬಹುದು. ಭ್ರೂಣಾವಸ್ಥೆಯಲ್ಲಿ ಹಣೆಯೆಲುಬಿನ ಹಿಂದಿರುವ ಫೊರಾಮೆನ್ ಸೀಕಮ್ ಎಂಬ ರಂಧ್ರದ ಮೂಲಕ ಡ್ಯೂರಾದ ಒಂದು ಎಳೆ ಮೂಗಿನ ಕಡೆಗೆ ಚಾಚಿಕೊಂಡು, ಬಳಿಕ ಹಿಂದೆ ಸರಿಯುತ್ತದೆ. ಈ ಹಿಂಜರಿಕೆ ಪೂರ್ಣವಾಗದಿದ್ದಲ್ಲಿ ಚರ್ಮಕೋಶದ ಗಂಟು, ಗ್ಲಯೋಮಾ ಅಥವಾ ಎನ್‌ಸೆಫಲೋಸೀಲ್ ಉಳಿಯಬಹುದು. ಎಲುಬಿನ ಕಿಂಡಿಯ ಮೂಲಕ ಮಿದುಳಿನ ಅಂಶವು ಪೊರೆಯೊಡನೆ ಹೊರಚಾಚುವುದೇ ಎನ್‌ಸೆಫಲೋಸೀಲ್. ಯುರೋಪ್ ಹಾಗೂ ಉತ್ತರ ಅಮೆರಿಕದಲ್ಲಿ ತಲೆಯ ಹಿಂಭಾಗದ ಎನ್‌ಸೆಫಲೋಸೀಲ್ ಹೆಚ್ಚಾಗಿ ಕಂಡುಬಂದರೆ, ಆಗ್ನೇಯ ಏಷ್ಯಾದಲ್ಲಿ ಹಣೆ ಮತ್ತು ಮೂಗಿನ ನಡುವಿನದು ಹೆಚ್ಚು.

ರೋಗನಿರ್ಣಯದಲ್ಲಿ ತಪ್ಪಿಗೆ ಅವಕಾಶ ಬಹಳ. ಒಂದೇ ಹೊಳ್ಳೆಯಿಂದ ಇಳಿಯುವ ತಿಳಿನೀರನ್ನು ನೆಗಡಿಯೆಂದೂ, ಹೊಳ್ಳೆಯೊಳಗಿನ ಮೆತ್ತನೆಯ ಗಂಟನ್ನು ಪಾಲಿಪ್ ಎಂದೂ ಭಾವಿಸುವುದು ಸುಲಭ. ಆದರೆ ಶಿಶುಗಳಲ್ಲಿ ಪಾಲಿಪ್ ಅತಿ ವಿರಳ. ಮಗು ಅತ್ತಾಗ ಗಂಟು ಹಿಗ್ಗಿದರೆ ಅದಕ್ಕೆ ಮಿದುಳಿನ ಪ್ರದೇಶದೊಡನೆ ಸಂಪರ್ಕವಿದೆಯೆಂದು ಶಂಕಿಸಬೇಕು. ಸ್ಕ್ಯಾನ್ ಮಾಡಿಸದೆ ಇಂಥ ಗಂಟಿನಿಂದ ಚೂರು ತೆಗೆದು ಪರೀಕ್ಷಿಸಲು ಹೊರಟರೆ ದ್ರವದ ಸೋರಿಕೆ, ಉರಿಯೂತ ಹಾಗೂ ಮಿದುಳಿನ ಗಾಯಕ್ಕೆ ದಾರಿಯಾಗುತ್ತದೆ. ಮೆನಿಂಜೈಟಿಸ್ ಮರುಕಳಿಸಿದ ಮಗುವಿನಲ್ಲಿ ಬೇರೆ ಲಕ್ಷಣಗಳಿಲ್ಲದಿದ್ದರೂ ಕಿಂಡಿಯನ್ನು ಹುಡುಕುವುದು ಅಗತ್ಯ.

ಸೋರುವ ದ್ರವದಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ದೊರೆತರೆ ಅದು ಮೂಗಿನ ಸ್ರಾವವಲ್ಲವೆಂದು ದೃಢಪಡುತ್ತದೆ. ಎಲುಬಿನ ಕಿಂಡಿಯನ್ನು ಸಿ.ಟಿ. ಸ್ಕ್ಯಾನ್, ಹೊರಚಾಚಿದ ಅಂಗಾಂಶದ ಸ್ವರೂಪವನ್ನು ಎಂ.ಆರ್.ಐ. ತೋರಿಸುತ್ತವೆ. ನವಜಾತ ಶಿಶುವಿನಲ್ಲಿ ಮೂಗಿನ ಚಾವಣಿಯ ಬಹುಭಾಗ ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಸಿ.ಟಿ.ಯಲ್ಲಿ ಇಲ್ಲದ ಕಿಂಡಿ ಇರುವಂತೆ ಕಾಣಬಹುದು. ಆಗ ಎರಡು ಪರೀಕ್ಷೆಗಳನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಸೋರಿಕೆಯ ಮೂಲ ಮೂಗಿನಲ್ಲೇ ಇರಬೇಕೆಂದೂ ಇಲ್ಲ. ಒಳಕಿವಿಯ ಹುಟ್ಟುದೋಷದಿಂದ ನಡುಗಿವಿಗೆ ಬಂದ ದ್ರವವು ಯುಸ್ಟೇಷಿಯನ್ ನಾಳದ ಮೂಲಕ ಮೂಗಿಗೆ ಇಳಿಯಬಲ್ಲದು. ಆದಕಾರಣ ಶ್ರವಣ ಪರೀಕ್ಷೆಯೂ ಅಗತ್ಯ.

1926ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬುರುಡೆಯನ್ನು ತೆರೆದು, ತೊಡೆಯ ತಂತುಪೊರೆಯ ತುಣುಕಿನಿಂದ ಇಂಥ ಕಿಂಡಿಯನ್ನು ಮುಚ್ಚಿದ ವರದಿ ಪ್ರಕಟಿಸಿದರು. ಈ ಮಾರ್ಗದಲ್ಲಿ ಮಿದುಳಿನ ಮುಂಭಾಗವನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಘ್ರಾಣಶಕ್ತಿ ಶಾಶ್ವತವಾಗಿ ನಷ್ಟವಾಗುವ ಸಂಭವವೂ ಉಂಟು. 1948ರಲ್ಲಿ ಡೋಲ್ಮನ್ ಬುರುಡೆಯನ್ನು ತೆರೆಯದೆ ಮುಖದ ಗಾಯದ ಮೂಲಕವೂ, 1952ರಲ್ಲಿ ಹಿರ್ಷ್ ಮೂಗಿನ ಮೂಲಕವೂ ಕಿಂಡಿಯನ್ನು ತಲಪಿದರು. ಎಂಡೋಸ್ಕೋಪ್ ಎಂಬ ಅಂತರ್ದರ್ಶಕದ ನೆರವಿನ ದುರಸ್ತಿಯನ್ನು ವೀಗಾಂಡ್ 1981ರಲ್ಲಿ ವರದಿ ಮಾಡಿದರು. ಪ್ರಕಟಿತ 289 ಸೋರಿಕೆಗಳನ್ನು ಒಟ್ಟುಗೂಡಿಸಿದ 2000ದ ಒಂದು ವಿಶ್ಲೇಷಣೆಯಲ್ಲಿ ಮೊದಲ ಯತ್ನದಲ್ಲೇ ಶೇ. 90ರಷ್ಟು, ಮರುಯತ್ನಗಳೂ ಸೇರಿ ಶೇ. 97ರಷ್ಟು ಯಶಸ್ಸು ಕಂಡುಬಂದಿತು.

ಈ ವಿಧಾನದಲ್ಲಿ ಅಂತರ್ದರ್ಶಕವನ್ನು ಹೊಳ್ಳೆಯ ಮೂಲಕ ಚಾವಣಿಯವರೆಗೆ ಒಯ್ಯಲಾಗುತ್ತದೆ. ಮೂಗಿಗೆ ಇಳಿದಿರುವ ಮಿದುಳಿನ ಅಂಶ ಸಾಮಾನ್ಯವಾಗಿ ಕಾರ್ಯಶಕ್ತಿ ಕಳೆದುಕೊಂಡಿರುತ್ತದೆ. ಅದನ್ನು ಎಳೆಯದೆ, ವಿದ್ಯುತ್ ಶಾಖದಿಂದ ಕುಗ್ಗಿಸುತ್ತ ಕಿಂಡಿಯ ಮಟ್ಟಕ್ಕೆ ತರಲಾಗುತ್ತದೆ. ಎಳೆದರೆ ಬುರುಡೆಯೊಳಗೆ ರಕ್ತಸ್ರಾವವಾಗಬಹುದು. ಬಳಿಕ ಕಿಂಡಿಯ ಅಂಚನ್ನು ಲೋಳೆಪೊರೆಯಿಂದ ಬಿಡಿಸಿ, ತಂತುಪೊರೆ, ಕೊಬ್ಬು, ಮೃದ್ವಸ್ಥಿ ಮುಂತಾದವುಗಳಿಂದ ಪದರಪದರವಾಗಿ ಮುಚ್ಚಲಾಗುತ್ತದೆ. 2006ರಲ್ಲಿ ಹದಾದ್ ಮತ್ತು ಸಹೋದ್ಯೋಗಿಗಳು ವಿವರಿಸಿದ ತಂತ್ರದಲ್ಲಿ ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಅದರ ರಕ್ತನಾಳದೊಡನೆಯೇ ತಿರುಗಿಸಿ ಹೊದಿಸಲಾಗುತ್ತದೆ. ರಕ್ತಪೂರೈಕೆ ಉಳಿದಿರುವುದರಿಂದ ದೊಡ್ಡ ಕಿಂಡಿಗಳೂ ಮಾಯುತ್ತವೆ.

ಆದರೆ ವಯಸ್ಕರ ಅನುಭವವನ್ನು ಮಗುವಿಗೆ ನೇರವಾಗಿ ಅನ್ವಯಿಸಲಾಗದು. ಶಿಶುವಿನ ಹೊಳ್ಳೆಯಲ್ಲಿ 4 ಮಿ.ಮೀ. ಅಂತರ್ದರ್ಶಕದೊಡನೆ ಇನ್ನೊಂದು ಉಪಕರಣಕ್ಕೆ ಎಡೆಯಿರುವುದಿಲ್ಲ, 2.7 ಮಿ.ಮೀ. ವ್ಯಾಸದ್ದನ್ನು ಬಳಸಬೇಕಾಗುತ್ತದೆ. ಸ್ಫೀನಾಯ್ಡ್ ಎಲುಬಿನ ಗಾಳಿಗೂಡು ಹುಟ್ಟಿದ ಕೆಲವು ವರ್ಷಗಳ ಬಳಿಕವಷ್ಟೇ ರೂಪುಗೊಳ್ಳುವುದರಿಂದ, ವಯಸ್ಕರಲ್ಲಿ ಸಿದ್ಧವಾಗಿರುವ ದಾರಿ ಇಲ್ಲಿರುವುದಿಲ್ಲ. ನಡುಗೋಡೆಯ ಹೊದಿಕೆಯೂ ಚಿಕ್ಕ ಮಕ್ಕಳಲ್ಲಿ ಸಾಕಷ್ಟು ಉದ್ದ ಸಿಗದಿರಬಹುದು. ನಡುಗೋಡೆಯು ಮುಖದ ಬೆಳವಣಿಗೆಯ ಕೇಂದ್ರವೂ ಆಗಿರುವುದರಿಂದ ಅದರ ಮೃದ್ವಸ್ಥಿಯನ್ನು ಮುಟ್ಟುವಾಗ ಮಿತಿ ಅವಶ್ಯ. ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 80 ಮಿ.ಲೀ. ರಕ್ತವೆಂದು ಎಣಿಸಿದರೆ, 5 ಕಿಲೋಗ್ರಾಂ ತೂಗುವ ಶಿಶುವಿನಲ್ಲಿ ಇರುವುದು ಸುಮಾರು 400 ಮಿ.ಲೀ. ಮಾತ್ರ. ವಯಸ್ಕರಲ್ಲಿ ಗಣನೆಗೆ ಬಾರದ 50 ಮಿ.ಲೀ. ನಷ್ಟ ಇಲ್ಲಿ ಎಂಟನೆಯ ಒಂದು ಭಾಗ. ಮೂಗು ಸೀಟಬಾರದು, ತಿಣುಕಬಾರದು ಎಂಬ ಎಚ್ಚರಿಕೆಯನ್ನು ಶಿಶುವಿಗೆ ತಿಳಿಸಲೂ ಆಗದು.

ಆದಕಾರಣ ಯಾವಾಗ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದು ಹೇಗೆ ಮಾಡಬೇಕೆಂಬುದರಷ್ಟೇ ಮುಖ್ಯ. ಸೋರಿಕೆ, ಮೆನಿಂಜೈಟಿಸ್ ಅಥವಾ ಉಸಿರಾಟದ ಅಡಚಣೆಯಿದ್ದಲ್ಲಿ ಕಾಯುವುದು ಅಪಾಯಕರ. ಇವಾವುವೂ ಇಲ್ಲದ, ಚರ್ಮದ ಹೊದಿಕೆ ಗಟ್ಟಿಯಾಗಿರುವ ದೋಷದಲ್ಲಿ ಮಗು ಬೆಳೆಯುವವರೆಗೆ ನಿಗಾ ಇಡಬಹುದು. ಬಹಳ ದೊಡ್ಡ ದೋಷಗಳಿಗೆ, ಮುಖದ ಎಲುಬುಗಳನ್ನೂ ಸರಿಪಡಿಸಬೇಕಾದ ಸಂದರ್ಭಗಳಿಗೆ ಬುರುಡೆಯನ್ನು ತೆರೆಯುವ ಹಳೆಯ ಮಾರ್ಗವೇ ಇಂದಿಗೂ ಬೇಕು. ಈ ತೀರ್ಮಾನವನ್ನು ಕಿವಿ-ಮೂಗು-ಗಂಟಲು ತಜ್ಞರು, ನರಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮತ್ತು ಮಕ್ಕಳ ವೈದ್ಯರು ಒಟ್ಟಾಗಿ ಕೈಗೊಳ್ಳತಕ್ಕದ್ದು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2017ರಲ್ಲಿ ಸೇರಿ 2021ರಲ್ಲಿ ದೇಶವ್ಯಾಪಿಯಾದ ನ್ಯೂಮೊಕಾಕಸ್ ಲಸಿಕೆ ಇಂಥ ಮಕ್ಕಳಿಗೆ ವಿಶೇಷ ರಕ್ಷಣೆ ನೀಡುತ್ತದೆ. ಆದರೆ ಅದು ಎಲ್ಲ ರೋಗಾಣುಗಳನ್ನೂ ತಡೆಯದು, ಕಿಂಡಿಯನ್ನು ಮುಚ್ಚದು. ಮಗುವಿನ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೊದಲು ನೋಡಿದ ವೈದ್ಯರಿಗೆ ಒಂದೇ ಹೊಳ್ಳೆಯ ತಿಳಿನೀರಿನ ಬಗ್ಗೆ ಸಂದೇಹ ಮೂಡುವುದು ಮತ್ತು ಎರಡನೆಯ ಮೆನಿಂಜೈಟಿಸ್‌ಗೆ ಮುನ್ನವೇ ಆ ಸಂದೇಹ ಪರೀಕ್ಷೆಗೆ ಒಳಗಾಗುವುದು.